ಕೆಂಪು ಬಟ್ಟೆಯ ಕೋಲು

ಹಳ್ಳದ ದಂಡೆಯ ಮೇಲೆ ತಗಡಿನ ಸೂರಿನ ಎರಡು ಕೋಣೆ. ಮುಂದೊಂದು ಜಗಲಿ. ಅದನ್ನು ಆಶ್ರಮ ಎಂದು ಯಾರೂ ಕರೆಯಲಿಲ್ಲ. ಆದರೆ ಕಲಿಯಬೇಕು ಎಂದವರು ಅಲ್ಲಿಗೇ ಬರುತ್ತಿದ್ದರು.

ಅಲ್ಲಿದ್ದವರು ಇಂದುಮತಿ ಅಕ್ಕೋರು. ಬಹಳ ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು. ನಿವೃತ್ತಿಯಾದ ಮೇಲೆ ಊರಿಗೆ ಹೋಗಲಿಲ್ಲ, ಹಳ್ಳಕ್ಕೆ ಬಂದರು. ಹರಿಯುವ ನೀರಿನಲ್ಲಿ, ಕಲ್ಲಿನ ಕೆಳಗೆ ಬದುಕುವ ಹುಳುಗಳನ್ನು ನೋಡುವುದೇ ಅವರ ಕೆಲಸ.

ಅವರಲ್ಲಿ ಒಂದೇ ಕಟ್ಟಳೆ. ಎತ್ತಿದ ಕಲ್ಲನ್ನು ಎತ್ತಿದಲ್ಲೇ ಇಡಬೇಕು. ಮೇಲಿದ್ದ ಮುಖ ಮೇಲೆ, ಕೆಳಗಿದ್ದ ಮುಖ ಕೆಳಗೆ.

ಶೇವಂತಿ ಬಂದ ಮೊದಲ ದಿನವೇ ಒಂದು ಕಲ್ಲೆತ್ತಿದಳು. ಕೆಳಗೆ ಒಂದು ಹುಳು. ಮರಳಿನ ಕಣಗಳನ್ನು ಪೋಣಿಸಿ ತನಗೆ ತಾನೇ ಅಂಗಿ ಹೊಲಿದುಕೊಂಡಂತಿತ್ತು.

"ಅಕ್ಕೋರೇ, ಸಿಕ್ಕಿತು!"

"ಕಲ್ಲಿನ ಯಾವ ಮುಖ ಮೇಲಿತ್ತು?"

ಶೇವಂತಿ ಕಲ್ಲನ್ನು ತಿರುಗಿಸಿ ನೋಡಿದಳು. ಮರೆತಿತ್ತು.

"ಗೊತ್ತಾಗುವವರೆಗೆ ಹಿಡಿದುಕೊಂಡಿರು" ಎಂದು ಅಕ್ಕೋರು ಜಗಲಿಗೆ ಹೋಗಿ ಕೂತರು.

ನೀರು ತಣ್ಣಗಿತ್ತು. ಕಲ್ಲು ಭಾರವಿತ್ತು. ತೋಳು ಸೋತಾಗ ಅವಳ ಕಣ್ಣು ಚುರುಕಾಯಿತು. ಕಲ್ಲಿನ ಒಂದು ಬದಿ ಹಸಿರು, ಜಾರುತ್ತಿತ್ತು. ಇನ್ನೊಂದು ಬದಿ ಬಿಳಿಚಿಕೊಂಡಿತ್ತು.

"ಪಾಚಿ ಇರೋದು ಮೇಲೆ!" ಎಂದು ಕೂಗಿದಳು. "ಅದಕ್ಕೆ ಬಿಸಿಲು ಬೇಕು. ಹುಳಕ್ಕೆ ನೆರಳು ಬೇಕು."

"ಈಗ ಇಡು" ಎಂದರು ಅಕ್ಕೋರು.

*

ಶೇವಂತಿ ಕರಾವಳಿಯವಳು. ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಮನೆಯಲ್ಲಿ ಓದಲು ಸಿಗುತ್ತಿದ್ದದ್ದು ಮೀನು ಕಟ್ಟಲು ತಂದ ಹಳೆಯ ಪತ್ರಿಕೆ ಮಾತ್ರ. ಅದನ್ನೇ ಓದಿದಳು, ವಾಸನೆ ಸಮೇತ. ಮುಂದಿನ ಒಂದೊಂದು ತರಗತಿಯನ್ನೂ ಜಗಳವಾಡಿ ಗೆದ್ದಳು. ಹಠಮಾರಿ ಎಂದು ಎಲ್ಲರೂ ಹೇಳುತ್ತಿದ್ದರು. ಹಠ ಇಲ್ಲದಿದ್ದರೆ ಅವಳು ಆ ಹಳ್ಳದವರೆಗೆ ಬರುತ್ತಲೇ ಇರಲಿಲ್ಲ.

ಒಂದು ದಿನ ಅವಳು ಕೇಳಿದಳು.

"ಅಕ್ಕೋರೇ, ಕಾಡಿಗೂ ಈ ಹುಳಕ್ಕೂ ಏನು ಸಂಬಂಧ?"

ಅಕ್ಕೋರು ನೆಲದಿಂದ ಒಂದು ಉದುರಿದ ಎಲೆ ಎತ್ತಿದರು. ಅದಕ್ಕೆ ದಾರ ಕಟ್ಟಿ ನೀರಿಗೆ ಬಿಟ್ಟರು. ದಾರದ ತುದಿಯನ್ನು ದಂಡೆಯ ಮರದ ಬೇರಿಗೆ ಕಟ್ಟಿದರು.

ಕೆಲವು ವಾರ ಕಳೆದು ದಾರ ಎಳೆಸಿದರು. ಎಲೆಯ ಮಾಂಸವೆಲ್ಲ ಹೋಗಿತ್ತು. ಬರೀ ನರ ಉಳಿದಿತ್ತು, ಕಸೂತಿಯ ಹಾಗೆ.

"ಎಲೆ ಎಲ್ಲಿ?" ಎಂದರು ಅಕ್ಕೋರು.

"ಹುಳ ತಿಂದಿತು."

"ಹುಳ ಎಲ್ಲಿ?"

"ರೆಕ್ಕೆ ಬಂದು ನೀರಿಂದ ಎದ್ದು ಹೋಗಿರಬೇಕು."

"ಹಾಗಾದರೆ ಎಲೆ ಎಲ್ಲಿ?"

ಶೇವಂತಿ ಎಲೆಯ ನರಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಅವಸರವಿಲ್ಲ" ಎಂದರು ಅಕ್ಕೋರು.

*

ಆ ವರ್ಷ ಶೇವಂತಿಗೆ ಒಂದು ದೊಡ್ಡ ಕೆಲಸ ಬಂತು.

ಹಲವು ದೇಶಗಳ ಸಂಶೋಧಕರು ಸೇರಿ ಒಂದು ಪ್ರಶ್ನೆ ಹಿಡಿದಿದ್ದರು. ಭೂಮಿಯ ಮೇಲೆ ಗಿಡಮರ ಎಲ್ಲಿ ಹುಲುಸಾಗಿ ಬೆಳೆಯುತ್ತದೋ ಅಲ್ಲಿನ ಹಳ್ಳಗಳಲ್ಲಿ ಹುಳುಗಳೂ ಹೆಚ್ಚಿರುತ್ತವೆಯೇ?

ಹಸಿರನ್ನು ಅಳೆಯಲು ಆಕಾಶದಲ್ಲಿ ಉಪಗ್ರಹವಿತ್ತು. ಯಾವ ಕಾಡು ವರ್ಷಕ್ಕೆ ಎಷ್ಟು ಬೆಳೆಯಿತು ಎಂದು ಅದು ಮೇಲಿನಿಂದಲೇ ಹೇಳುತ್ತಿತ್ತು. ಹುಳುವನ್ನು ಮೇಲಿನಿಂದ ಎಣಿಸಲಾಗದು. ಅದಕ್ಕೆ ಯಾರಾದರೂ ನೀರಿಗಿಳಿದು ಬಗ್ಗಲೇಬೇಕು.

ಈ ಸೀಮೆಯಲ್ಲಿ ಬಗ್ಗುವ ಕೆಲಸ ಶೇವಂತಿಯ ಪಾಲಿಗೆ ಬಂತು.

"ಅಕ್ಕೋರೇ, ಭೂಮಿಯ ನಕ್ಷೆ ಅಚ್ಚು ಹಾಕ್ತಾರಂತೆ. ಇಡೀ ಸೀಮೆಗೆ ಒಂದೇ ಚುಕ್ಕೆ. ಅದು ನಮ್ಮ ಹಳ್ಳ. ಕೆಳಗೆ ನನ್ನ ಹೆಸರು."

"ಹುಳಕ್ಕೆ ಹೇಳಿದೆಯಾ?"

"ಎಂತ ಹೇಳೋದು?"

"ತಲೆ ಬಾಚಿಕೊಂಡು ಕೂರಿ, ಫೋಟೋ ತೆಗೀತಾರೆ ಅಂತ."

ಮಳೆಗಾಲ ಮುಗಿದು ನೀರು ತಿಳಿಯಾಗುವ ಹೊತ್ತಿಗೆ ಅಕ್ಕೋರ ಕಣ್ಣಿನ ಪೊರೆ ಬಲಿತಿತ್ತು. ಆಪರೇಷನ್ ಮಾಡಿಸಿ, ತಂಗಿಯ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಬೇಕೆಂದಾಯಿತು. ಶೇವಂತಿ ಚೀಲ ಹೊತ್ತುಕೊಂಡು ಬಸ್ಸಿನ ತನಕ ಬಂದಳು.

"ಋತುವಿಗೊಂದು ಸಲ ಬಲೆ ಹಿಡಿದು ಹುಳ ಎಣಿಸಿದರೆ ಸಾಕು ಅಂದಿದಾರೆ ಪರದೇಶದವರು" ಎಂದಳು. "ನಾನು ವಾರವಾರ ಹಿಡಿಯುವವಳು."

"ಯಾಕೆ?"

"ನಮ್ಮ ಕಡೆಯವರ ಕೆಲಸ ತೆಳು ಅನ್ನಬಾರದು ಯಾರೂ."

"ಎಲ್ಲಿ ಹಿಡೀತೀಯ?"

"ಒಂದೇ ಜಾಗ. ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇನೆ. ಜಾಗ ಅತ್ತಿತ್ತ ಆದರೆ ಹಿಂದಿನ ವಾರಕ್ಕೂ ಈ ವಾರಕ್ಕೂ ತಾಳೆ ನೋಡೋದು ಹೇಗೆ?"

ಅಕ್ಕೋರು ಅವಳ ಮುಖ ನೋಡಿದರು.

"ಹಳ್ಳ ಉದ್ದ ಇದೆ, ತಂಗಿ" ಎಂದರು.

ಅಷ್ಟರಲ್ಲಿ ಬಸ್ಸು ಬಂತು. ಉದ್ದವಿದೆ, ಅದಕ್ಕೇನೀಗ, ಎಂದುಕೊಂಡು ಶೇವಂತಿ ವಾಪಸಾದಳು.

*

ಶಿವರಾತ್ರಿ ಕಳೆದ ಮೇಲೆ ಅಕ್ಕೋರು ಬಂದರು. ಎರಡನೇ ಕಣ್ಣಿನ ಆಪರೇಷನ್ ಈಚೆಗಷ್ಟೇ ಆಗಿ, ಕಣ್ಣಿಗೆ ಕಪ್ಪು ಕನ್ನಡಕ. ಇನ್ನೂ ಕೆಲವು ದಿನ ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರ ಅಪ್ಪಣೆ.

ಶೇವಂತಿ ಕಾಯುತ್ತಲೇ ಇದ್ದಳು. ಅವರು ಕಾಲು ತೊಳೆಯುವಷ್ಟರಲ್ಲಿ ಹಾಳೆ ತಂದು ಹರಡಿದಳು. ಹಾಳೆಯ ಮೇಲೆ ಎರಡು ಗೆರೆ. ಹಸಿರಿನ ಗೆರೆ ಮೇಲೇರಿತ್ತು. ಹುಳುವಿನ ಗೆರೆ ಕೆಳಗಿಳಿದಿತ್ತು. ಎರಡೂ ಕತ್ತರಿಯಂತೆ ಒಂದನ್ನೊಂದು ದಾಟಿದ್ದವು.

"ಈ ವರ್ಷ ಮಳೆ ತಡವಾಗಿ ನಿಂತಿತು. ಕಾಡು ಎಂದಿಗಿಂತ ಹಸಿರು. ಉಪಗ್ರಹವೂ ಅದನ್ನೇ ಹೇಳ್ತದೆ. ಆದರೆ ಹುಳ ವಾರವಾರ ಕಡಿಮೆ ಆಗ್ತಾ ಬಂತು. ಈಗ ಬಲೆಯಲ್ಲಿ ಬರೀ ಮರಳು! ಬೇರೆ ದೇಶದವರ ಹಳ್ಳಗಳಲ್ಲಿ ಹಸಿರು ಹೆಚ್ಚಾದಲ್ಲಿ ಹುಳ ಹೆಚ್ಚು. ನಮ್ಮದೊಂದೇ ಉಲ್ಟಾ. ಅಕ್ಕೋರೇ, ಎಲ್ಲರೂ ನಮ್ಮ ಹಳ್ಳದ ಬಗ್ಗೆಯೇ ಕೇಳ್ತಾರೆ ನೋಡಿ ಇನ್ನು."

ಅವಳ ಕಣ್ಣು ಹೊಳೆಯುತ್ತಿತ್ತು.

"ಹೋದದ್ದು ಹುಳ. ಸಂಭ್ರಮ ನಿನಗೆ?" ಎಂದರು ಅಕ್ಕೋರು.

ಶೇವಂತಿ ನಾಲಗೆ ಕಚ್ಚಿಕೊಂಡಳು.

"ಸಂಭ್ರಮ ಅಲ್ಲ. ಕಾರಣವೂ ಸಿಕ್ಕಿತಲ್ಲ ಅಂತ."

"ಏನು ಕಾರಣ?"

"ಎಮ್ಮೆ."

ಹಳ್ಳದ ಮೇಲ್ಭಾಗದಲ್ಲಿ ಗೌಳಿಗರ ಕೆಲವು ಮನೆಗಳಿದ್ದವು. ಅವರ ಎಮ್ಮೆಗಳು ನಡುಮಧ್ಯಾಹ್ನ ನೀರಿಗಿಳಿದು ಬಿದ್ದುಕೊಳ್ಳುವ ಒಂದು ಮಡುವಿತ್ತು. ಎಮ್ಮೆಗುಂಡಿ ಎಂದೇ ಅದರ ಹೆಸರು.

"ಸಗಣಿ, ಕೆಸರು ಎಲ್ಲ ಕೆಳಗೆ ಬರ್ತದೆ" ಎಂದಳು ಶೇವಂತಿ. "ಅರಣ್ಯ ಇಲಾಖೆಯ ರೇಂಜ್ ಆಫೀಸಿನವರೂ ಕೇಳಿದರು. ಹಳ್ಳ ಕೆಡ್ತಾ ಇದೆ ಅಂತ ನಾನು ಬರೆದುಕೊಟ್ಟರೆ ಗುಂಡಿಗೆ ಬೇಲಿ ಹಾಕ್ತಾರಂತೆ. ಎರಡು ವರದಿಯನ್ನೂ ಒಟ್ಟಿಗೇ ಮುಗಿಸ್ತೇನೆ. ಪರದೇಶಕ್ಕೆ ಒಂದು, ರೇಂಜ್ ಆಫೀಸಿಗೆ ಒಂದು."

"ಎಮ್ಮೆ ಮೊದಲೂ ಇಳೀತಿತ್ತಲ್ಲ?"

"ಈ ವರ್ಷ ಹೆಚ್ಚು ಇಳಿದಿರಬಹುದು."

"ಇರಬಹುದು" ಎಂದರು ಅಕ್ಕೋರು. "ನಾನಂತೂ ಬಗ್ಗುವ ಹಾಗಿಲ್ಲ. ನೋಡಿದವಳು ನೀನು."

*

ಮರುದಿನ ಬೆಳಿಗ್ಗೆ ಜನಾಬಾಯಿ ಹಾಲು ತಂದಳು. ಗೌಳಿಗರ ಹಿರಿಯಳು. ಸೀರೆಯನ್ನು ಮೊಣಕಾಲಿಗೆ ಕಟ್ಟಿಕೊಂಡು, ಸುದ್ದಿಯನ್ನು ತುಟಿಯಲ್ಲೇ ಇಟ್ಟುಕೊಂಡು ನಡೆಯುವವಳು.

"ಅಕ್ಕೋರ, ಕಣ್ಣ ಬಂತೇನ?"

"ಬಂತು ಜನಾಬಾಯಿ. ನೀನು ಮೊದಲಿನಷ್ಟೇ ಚೆಂದ ಕಾಣ್ತೀಯ."

"ಹಂಗಾರ ಆಪರೇಷನ್ ಕೆಟ್ಟೈತಿ" ಎಂದು ಜನಾಬಾಯಿ ನಕ್ಕಳು. ಆಮೇಲೆ ಶೇವಂತಿಯ ಕಡೆ ತಿರುಗಿದಳು. ನಗು ನಿಂತಿತು. "ಏನ ಪೋರಿ, ನಮ್ಮ ಎಮ್ಮಿ ನಿನ್ನ ಹುಳ ತಿಂದಾವಂತ?"

"ತಿಂದವು ಅಂದಿಲ್ಲ ನಾನು. ನೀರು ಕೆಡ್ತದೆ ಅಂದೆ."

"ನಮ್ಮತ್ತಿ ಅತ್ತಿ ಕಾಲದಿಂದ ಎಮ್ಮಿ ಆ ಗುಂಡ್ಯಾಗ ಬೀಳತಾವ. ಬಿಸಲಿಗೆ ಎಮ್ಮಿ ನೀರಾಗ ಬೀಳಲಿಲ್ಲಂದ್ರ ಅದರ ಮೈ ಸುಡತೈತಿ. ಹಾಲು ಬತ್ತತೈತಿ. ಗುಂಡಿ ಮುಚ್ಚಿದರ ನಾವು ಗಂಟುಮೂಟಿ ಕಟ್ಟಬೇಕ. ಎಲ್ಲಿಗಂತ ಕಟ್ಟೂದು? ನೀನ ಹೇಳ."

"ಜನಾಬಾಯಿ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಲೆಕ್ಕ ಹಾಗೆ ಹೇಳ್ತದೆ."

"ಲೆಕ್ಕ ನಿನಗಷ್ಟ ಹೇಳತೈತೇನ? ನಮ್ಮ ಮನಿಗೂ ಒಂದಿನಾ ಬಾ ಅನ್ನ ಅದಕ್ಕ. ಎದುರಾ ಎದುರ ಕುಂತು ಮಾತಾಡೂಣು."

ಶೇವಂತಿಗೆ ಆ ಮಾತು ಇರಿಯಿತು. ಆದರೆ ಎಣಿಸಿದ್ದು ಎಣಿಸಿದ್ದೇ ಎಂದು ಬೆನ್ನು ನೆಟ್ಟಗೆ ಮಾಡಿದಳು.

ಅಕ್ಕೋರು ಹಾಲು ಹೊಯ್ಯಿಸಿಕೊಂಡರು.

"ಜನಾಬಾಯಿ, ಚೂರು ಹೆಪ್ಪು ಕೊಡು. ಮೊಸರು ಮಾಡ್ತೇನೆ."

*

ಅಕ್ಕೋರು ಹಾಲು ಕಾಸಿ, ಆರಿಸಿ, ಗಡಿಗೆಗೆ ಹಾಕಿ, ಹೆಪ್ಪು ಬಿಟ್ಟು ಜಗಲಿಯ ಮೂಲೆಯಲ್ಲಿಟ್ಟರು. ಶೇವಂತಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅಕ್ಕೋರು ಬಂದರು. ಮುಚ್ಚಳ ತೆಗೆದರು. ಸೌಟು ಇಳಿಸಿ ಒಂದು ಸುತ್ತು ಆಡಿಸಿ ನೋಡಿದರು. ಮುಚ್ಚಿದರು.

ಮತ್ತೆ ಬಂದರು. ಮತ್ತೆ ಆಡಿಸಿದರು.

ಸಂಜೆಗೆ ಗಡಿಗೆಯಲ್ಲಿ ನೀರು ನೀರು.

"ಹೆಪ್ಪಾಗಲಿಲ್ಲ" ಎಂದರು.

ಮರುದಿನ ಹೊಸ ಹಾಲು, ಹೊಸ ಹೆಪ್ಪು. ಮತ್ತೆ ಸೌಟು. ಮತ್ತೆ ನೀರು.

"ಈ ಎಮ್ಮೆಗಳ ಹಾಲೇ ಸರಿಯಿಲ್ಲ" ಎಂದು ಅಕ್ಕೋರು ಗೊಣಗಿದರು. "ಏನು ಮೇಯ್ತಾವೋ, ಎಲ್ಲಿ ಬೀಳ್ತಾವೋ."

ಶೇವಂತಿ ಬರೆಯುತ್ತಲೇ ಇದ್ದಳು. ಅಡುಗೆಮನೆಯ ವಿಷಯ ತನಗೇಕೆ ಎಂದು ತಡೆದುಕೊಂಡಿದ್ದಳು.

ಮೂರನೆಯ ಸಲ ಸೌಟಿನ ಸದ್ದು ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಯ್ಯೋ ಅಕ್ಕೋರೇ! ಗಳಿಗೆಗೊಮ್ಮೆ ಕದಡಿ ನೋಡಿದರೆ ಅದು ಹೆಪ್ಪಾಗೋದು ಯಾವಾಗ? ನೋಡಬೇಕು ನೋಡಬೇಕು ಅಂತ ಆಗ್ತಾ ಇರೋದನ್ನ ನೀವೇ ಕೆಡಿಸ್ತೀರಿ. ಎಮ್ಮೆಗೆ ಯಾಕೆ ಬೈತೀರಿ ಪಾಪ?"

ಅಕ್ಕೋರು ಸೌಟನ್ನು ಗಡಿಗೆಯ ಬಾಯಿಗೆ ಅಡ್ಡ ಇಟ್ಟರು.

ಹಳ್ಳದ ಸದ್ದು ಕೇಳುತ್ತಿತ್ತು.

ಶೇವಂತಿಯ ಕೈ ಹಾಳೆಯ ಮೇಲೆ ನಿಂತಿತು. ಅವಳು ಎದ್ದಳು. ಚಪ್ಪಲಿ ಹಾಕಿಕೊಳ್ಳದೆ ದಂಡೆಗೆ ಇಳಿದಳು.

*

ಮೊದಲು ಎಮ್ಮೆಗುಂಡಿಗೆ ಹೋದಳು. ಅಲ್ಲಿಂದ ಕೆಳಗೆ ಬರುತ್ತಾ ಕಲ್ಲೆತ್ತಿ ನೋಡಿದಳು.

ಗುಂಡಿಯ ಬಾಯಲ್ಲಿ ಕೆಸರು. ಕಲ್ಲಿನಡಿಯಲ್ಲಿ ಎಳೆಯಂಥ ಕೆಂಪು ಹುಳುಗಳು ಮಾತ್ರ. ಸರಿಯೇ ಅಲ್ಲವೇ ನಾನು ಹೇಳಿದ್ದು, ಎಂದುಕೊಂಡಳು.

ಮುಂದೆ ನೀರು ಕಲ್ಲಿಗೆ ಬಡಿದು ನೊರೆಯೇಳುವ ಕಡೆ ಇನ್ನೊಂದು ಎತ್ತಿದಳು. ಮರಳಂಗಿಯ ಹುಳು. ಅದರ ಪಕ್ಕ ಮೂರು ಬಾಲದ ಚಪ್ಪಟೆ ಮರಿ, ಬೆಳಕು ಬಿದ್ದೊಡನೆ ಓಡಿತು. ಅದರಾಚೆ ಎಲೆ ಕತ್ತರಿಸಿ ಗೂಡು ಮಾಡಿಕೊಂಡದ್ದು.

ಇನ್ನೊಂದು ಕಲ್ಲು. ಅಲ್ಲೂ ಇದ್ದವು. ಮತ್ತೊಂದು. ಅಲ್ಲೂ.

ಪ್ರತಿ ಕಲ್ಲನ್ನೂ ಇದ್ದ ಮುಖಕ್ಕೆ ಇಟ್ಟು ಮುಂದೆ ಬಂದಳು. ದಂಡೆಯ ಪೊದೆಗಳಲ್ಲಿ ನೀರಿನ ಮೇಲೆ ಬಾಗಿ ಜೇಡರ ಬಲೆಗಳಿದ್ದವು. ಅವುಗಳಲ್ಲಿ ಸಣ್ಣ ಸಣ್ಣ ರೆಕ್ಕೆ.

ಎಮ್ಮೆ ದಾಟಿದ ನೀರೇ ಇದು. ಇಲ್ಲಿವರೆಗೂ ಬದುಕಿದೆ.

ಕೆಂಪು ಬಟ್ಟೆಯ ಕೋಲು ಬಂತು.

ಅಲ್ಲಿ ಕಲ್ಲುಗಳು ಬಿಳಿಚಿಕೊಂಡು ಮಲಗಿದ್ದವು. ಪಾಚಿಯ ಮುಖ ಕೆಳಗೆ, ಕತ್ತಲೆಗೆ ಸಿಕ್ಕಿ ಕೊಳೆತಿತ್ತು. ಬಲೆಯನ್ನು ಹರಿವಿಗೆ ಎದುರು ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಚೆನ್ನಾಗಿ ಕದಡಿ, ಎದ್ದ ಹುಳುಗಳನ್ನೆಲ್ಲ ಬಲೆಗೆ ಹರಿಸಿ, ಸ್ಪಿರಿಟ್ ಬಾಟಲಿಗೆ ಹಾಕುವುದು ಕ್ರಮ. ವಾರವಾರ ಹಾಗೆ ಮಾಡಿದ್ದಳು. ಒಂದು ಹುಳುವನ್ನೂ ಬಿಟ್ಟಿರಲಿಲ್ಲ. ಇಷ್ಟು ಕಲ್ಲನ್ನು ಇದ್ದ ಹಾಗೆ ಇಡುತ್ತ ಕೂತರೆ ಹೊತ್ತು ಸಾಲದು ಎಂದು ಕಟ್ಟಳೆಯನ್ನು ಮಾತ್ರ ಬಿಟ್ಟಿದ್ದಳು.

ಆ ಜಾಗದ ಪೊದೆಯಲ್ಲಿ ಒಂದು ಜೇಡರ ಬಲೆಯೂ ಇರಲಿಲ್ಲ.

ಮನೆಯಿಂದ ಕೋಲಿನವರೆಗೆ ಹುಲ್ಲಿನಲ್ಲಿ ಸವೆದ ಒಂದು ಕಾಲುದಾರಿ ಇತ್ತು. ಅದರಲ್ಲಿ ಗೊರಸಿನ ಗುರುತು ಇರಲಿಲ್ಲ.

ಶೇವಂತಿ ನೀರಿನಲ್ಲೇ ಕೂತಳು.

*

"ಊಟ ಮಾಡು ಬಾ" ಎಂದರು ಅಕ್ಕೋರು, ಅವಳು ಒದ್ದೆ ಲಂಗದಲ್ಲಿ ಬಂದಾಗ.

"ಬೇಡ."

ಅಕ್ಕೋರು ತಟ್ಟೆ ಇಟ್ಟು ಅನ್ನ ಬಡಿಸಿದರು. ಅವಳು ಕೂತಳು. ಕೈ ಹಾಕಲಿಲ್ಲ.

"ಎಮ್ಮೆ ಅಲ್ಲ" ಎಂದಳು.

"ಹೌದಾ?"

"ನಾನು."

ಅಕ್ಕೋರು ಅನ್ನದ ಮೇಲೆ ಸಾರು ಹಾಕಿದರು.

"ನಿಮಗೆ ಗೊತ್ತಿತ್ತು."

"ಅನುಮಾನ ಇತ್ತು. ಬಗ್ಗಿ ನೋಡುವ ಹಾಗಿರಲಿಲ್ಲ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ!"

"ಹೇಳಿದ್ದರೆ ನೀನು ಜಗಳ ಆಡ್ತಿದ್ದೆ. ಗೆಲ್ತಿದ್ದೆ ಕೂಡ."

ಶೇವಂತಿಗೆ ಅಳುವೂ ಬಂತು, ನಗುವೂ ಬಂತು. ಎರಡನ್ನೂ ಅನ್ನದ ಜೊತೆ ನುಂಗಿದಳು.

ತಟ್ಟೆ ತೊಳೆದು ಬಂದ ಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂತು. ಹಠ ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

"ಅಕ್ಕೋರೇ, ಎಮ್ಮೆಯ ಮಾತು ತೆಗೆದುಹಾಕ್ತೇನೆ. ರೇಂಜ್ ಆಫೀಸಿಗೆ ಏನೂ ಬರೆಯೋದಿಲ್ಲ. ಹುಳದ ಲೆಕ್ಕ ಮಾತ್ರ ಪರದೇಶಕ್ಕೆ ಕಳಿಸ್ತೇನೆ."

ಅಕ್ಕೋರು ಕೇಳುತ್ತಿದ್ದರು.

"ಲೆಕ್ಕದಲ್ಲಿ ಸುಳ್ಳಿಲ್ಲ. ಒಂದು ಹುಳ ಹೆಚ್ಚು ಬರೆದಿಲ್ಲ, ಒಂದು ಕಡಿಮೆ ಬರೆದಿಲ್ಲ."

"ಹೌದು."

"ಹಾಗಾದರೆ ಕಳಿಸಬಹುದಲ್ಲ? ಆ ನಕ್ಷೆಯಲ್ಲಿ ಒಂದು ಚುಕ್ಕೆ, ಅಕ್ಕೋರೇ. ನಮ್ಮ ಅಬ್ಬೆ ಬುಟ್ಟಿ ಹೊತ್ತ ತಲೆಯ ಮೇಲೆ ಆ ಚುಕ್ಕೆ ಇಡಬೇಕು ಅಂತ ನನಗೆ."

ಅಕ್ಕೋರ ಮುಖ ಮೆತ್ತಗಾಯಿತು. ಆದರೂ ಜಗಲಿಯ ಮೂಲೆಯ ಗಡಿಗೆಯನ್ನು ತೋರಿಸಿದರು.

"ಅದನ್ನ ಜನಾಬಾಯಿಗೆ ಕೊಟ್ಟು ಬಾ. ನಿನ್ನ ಎಮ್ಮೆ ಹಾಲಿಗೆ ಹೆಪ್ಪು ಹಾಕಿದರೆ ಹೀಗಾಗ್ತದೆ ಅಂತ ಹೇಳು. ಅದೂ ಸುಳ್ಳಲ್ಲ."

ಶೇವಂತಿ ಗಡಿಗೆ ಹೊತ್ತು ಹೊರಟಳು.

ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಳು. ಯಾವ ಕಡೆಯಿಂದ ಹಿಡಿದರೂ ಅದು ಹೊರಗೆ ಬರಲೊಲ್ಲದು.

ಜನಾಬಾಯಿ ಅಂಗಳದಲ್ಲಿ ಕರುವಿನ ಮೈ ಉಜ್ಜುತ್ತಿದ್ದಳು. ಗಡಿಗೆಯೊಳಗೆ ಇಣುಕಿದಳು.

"ಅಯ್ಯ, ಇದೇನ? ಯಾರ ಕೆಡಿಸ್ಯಾರ ಇದನ್ನ?"

ಶೇವಂತಿ ಗಡಿಗೆ ಕೆಳಗಿಟ್ಟಳು.

"ನಾನು, ಜನಾಬಾಯಿ."

"ಅಷ್ಟ ಓದೀ, ಮೊಸರ ಮಾಡಾಕ ಬರೂದಿಲ್ಲ?"

"ಹಳ್ಳವನ್ನೂ ನಾನೇ ಕೆಡಿಸಿದ್ದು. ನಿಮ್ಮ ಎಮ್ಮೆ ಅಲ್ಲ. ಒಂದೇ ಜಾಗದಲ್ಲಿ ಕದಡಿ ಕದಡಿ ಖಾಲಿ ಮಾಡಿದ್ದೇನೆ. ನಾಳೆ ರೇಂಜ್ ಆಫೀಸಿಗೆ ಹೋಗಿ ಹೇಳಿ ಬರ್ತೇನೆ. ಬೇಲಿ ಬರೋದಿಲ್ಲ."

ಜನಾಬಾಯಿಯ ಕೈ ಕರುವಿನ ಬೆನ್ನಿನ ಮೇಲೆ ನಿಂತಿತು. ಅವಳು ಹುಡುಗಿಯನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ನನಗ ಗೊತ್ತಿರಲಿಲ್ಲ ಪೋರಿ" ಎಂದಳು. "ಎಮ್ಮೀನ ಇರಬೇಕಂತ ನಾನೂ ಅಂದಕೊಂಡಿದ್ದೆ. ಹೊರಗ ಬಾಯಿ ಮಾಡತಿದ್ದೆ, ಒಳಗ ಅಂಜಿದ್ದೆ."

ಒಳಗೆ ಹೋಗಿ ಎಲೆಯ ದೊನ್ನೆಯಲ್ಲಿ ಹೆಪ್ಪು ತಂದಳು.

"ತಗೋ. ಹಾಕಿ, ಮುಚ್ಚಿ, ಆ ಕಡೆ ಮಾರಿ ಮಾಡಿ ಕುಂದರ್ರಿ ಇಬ್ಬರೂ. ಮುದುಕೀಗೂ ಹೇಳ."

*

ಶೇವಂತಿ ರೇಂಜ್ ಆಫೀಸಿಗೆ ಹೋಗಿ ಹೇಳಿ ಬಂದಳು. ಪರದೇಶಕ್ಕೂ ಬರೆದಳು. ಹುಳು ಕಡಿಮೆಯಾದದ್ದು ಹಳ್ಳದ ಕಥೆಯಲ್ಲ, ನನ್ನ ಕಾಲಿನ ಕಥೆ, ಎಂದು.

ಅವರು ಮರ್ಯಾದೆಯಿಂದ ಉತ್ತರ ಕೊಟ್ಟರು. ನಿಮ್ಮ ಹಳ್ಳವನ್ನು ಈ ಸಲ ಕೈಬಿಡುತ್ತಿದ್ದೇವೆ ಎಂದರು.

ನಕ್ಷೆ ಬಂತು. ಭೂಮಿಯ ಮೈತುಂಬ ಚುಕ್ಕೆಗಳು. ಈ ಸೀಮೆಯಲ್ಲಿ ಬರೀ ಬಿಳಿ.

"ನನ್ನಿಂದ ನಮ್ಮ ಕಡೆ ಖಾಲಿ ಉಳಿಯಿತು" ಎಂದಳು ಶೇವಂತಿ.

"ಖಾಲಿ ಕಂಡರೆ ಯಾರಾದರೂ ಬಂದು ನೋಡ್ತಾರೆ" ಎಂದರು ಅಕ್ಕೋರು. "ತುಂಬಿದ ಕಡೆ ಯಾರು ನೋಡ್ತಾರೆ?"

ಆ ಮಾತು ಅವಳಿಗೆ ಸಮಾಧಾನ ಕೊಡಲಿಲ್ಲ. ಕೊಡಲಿ ಎಂದು ಅಕ್ಕೋರು ಹೇಳಿಯೂ ಇರಲಿಲ್ಲ.

ಮುಂದಿನ ದಿನಗಳಲ್ಲಿ ಅವಳು ಒಂದು ಕೆಲಸ ಮಾಡಿದಳು. ಕೋಲಿನ ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಪಾಚಿಯ ಕಲೆ ಹುಡುಕಿ, ಆ ಮುಖವನ್ನು ಮೇಲೆ ಮಾಡಿ ಇಟ್ಟಳು. ಕಲೆ ಕಾಣದ ಕಲ್ಲನ್ನು ಕಾಣುವವರೆಗೆ ಕೈಯಲ್ಲಿ ಹಿಡಿದು ನಿಂತಳು. ಮುಗಿದ ಮೇಲೆ ಆ ಜಾಗಕ್ಕೆ ಕಾಲಿಡಲಿಲ್ಲ.

ಕಾಲಿಡದೆ ಇರುವುದು ಅವಳಿಗೆ ಕಲ್ಲು ಹಿಡಿದು ನಿಲ್ಲುವುದಕ್ಕಿಂತ ಕಷ್ಟವಾಯಿತು.

"ಅಕ್ಕೋರೇ, ಹುಳ ವಾಪಸ್ ಬಂದಿದೆಯೋ ಇಲ್ಲವೋ ತಿಳಿಯೋದು ಹೇಗೆ? ಕಲ್ಲು ಎತ್ತಿದರೆ ಮತ್ತೆ ಕೆಡ್ತದೆ. ಎತ್ತದಿದ್ದರೆ ಕಾಣೋದಿಲ್ಲ."

"ಸಂಜೆ ದಂಡೆಯಲ್ಲಿ ಕೂರು."

"ಕೂತು?"

"ಕೂರು."

ಅವಳು ಕೂತಳು. ಅಕ್ಕೋರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಕೆಲವೊಮ್ಮೆ ಜನಾಬಾಯಿ ಹಾಲಿನ ಪಾತ್ರೆ ಇಳಿಸಿ, "ಇಬ್ಬರೂ ಯಾರ ದಾರಿ ಕಾಯತೀರಿ? ನೀರಿನ್ಯಾಗಿಂದ ಗಂಡ ಬರತಾನೇನ?" ಎಂದು ಕೇಳಿ ಹೋಗುತ್ತಿದ್ದಳು.

ಮೇಲ್ಗಡೆಯ ನೀರಿನ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಸಣ್ಣ ರೆಕ್ಕೆಗಳ ಗುಂಪು ಹೊಗೆಯಂತೆ ಏಳುತ್ತಿತ್ತು. ಕೋಲಿನ ಬಳಿ ಏನೂ ಇಲ್ಲ.

ಬೇಸಿಗೆ ಬಲಿಯಿತು. ಎಮ್ಮೆಗಳು ಗುಂಡಿಯಲ್ಲಿ ಬಿದ್ದುಕೊಂಡವು. ಕಾಡು ಎಲೆ ಉದುರಿಸಿತು, ಎಲೆ ನೀರಿಗೆ ಬಿತ್ತು, ನೀರು ಒಂದಿಷ್ಟನ್ನು ಕೋಲಿನ ಬುಡಕ್ಕೆ ತಂದು ಸಿಕ್ಕಿಸಿತು. ಬಿಳಿಚಿದ ಕಲ್ಲುಗಳ ಮೇಲೆ ಮೊದಲು ಕಂದು, ಆಮೇಲೆ ತೆಳು ಹಸಿರು ಹತ್ತಿತು. ಮೇಲಿನಿಂದ ಹರಿದು ಬಂದ ಹುಳು ಯಾವುದಾದರೂ ಇಳಿಯಿತೋ ಇಲ್ಲವೋ, ನೀರು ಹೇಳಲಿಲ್ಲ. ಶೇವಂತಿ ಕೇಳಲೂ ಇಲ್ಲ. ಕೂತಳು.

ಒಂದು ಸಂಜೆ ಅವಳು ತಟ್ಟನೆ ಎದ್ದು ನಿಂತಳು.

ಕೋಲಿನ ತುದಿಯಿಂದ ಪೊದೆಗೆ ಒಂದು ಎಳೆ ಹೊಳೆಯಿತು. ಅದರ ಕೆಳಗೆ ಇನ್ನೊಂದು. ಬಣ್ಣ ಹೋದ ಕೆಂಪು ಬಟ್ಟೆಯ ಮಡಿಕೆಯಲ್ಲಿ ಒಂದು ಜೇಡ, ಉದ್ದ ಕಾಲು ಮಡಚಿಕೊಂಡು ಕೂತಿತ್ತು. ಹೊಟ್ಟೆ ತುಂಬಿತ್ತು. ಬಲೆಯಲ್ಲಿ ಆಗಷ್ಟೇ ನೀರಿಂದ ಎದ್ದು ಸಿಕ್ಕಿಕೊಂಡ, ಮೂರು ಬಾಲದ ಸಣ್ಣ ರೆಕ್ಕೆಹುಳು.

ಶೇವಂತಿ ದಂಡೆಯ ಅಂಚಿನವರೆಗೆ ಹೋಗಿ ಬಗ್ಗಿ ನೋಡಿದಳು.

"ಅಕ್ಕೋರೇ."

"ಏನು?"

"ಅವತ್ತು ಕೇಳಿದಿರಲ್ಲ. ಎಲೆ ಎಲ್ಲಿ ಅಂತ."

"ಕೇಳಿದ್ದೆ."

ಅವಳು ಜೇಡವನ್ನು ತೋರಿಸಿದಳು.

"ಅಲ್ಲಿದೆ. ಸದ್ಯಕ್ಕೆ."

ಅಕ್ಕೋರು ಕನ್ನಡಕ ತೆಗೆದು ಹೊಸ ಕಣ್ಣಿನಿಂದ ನೋಡಿದರು. ತಲೆಯಾಡಿಸಿದರು. ಶೇವಂತಿಯ ಹೆಗಲ ಮೇಲೆ ಕೈಯಿಟ್ಟರು. ಅಷ್ಟು ದಿನದಲ್ಲಿ ಅದೇ ಮೊದಲು.

ಶೇವಂತಿಗೆ ಮೈಯೆಲ್ಲ ಹಗುರಾಯಿತು. ಅವಳು ಲಂಗ ಎತ್ತಿ ಕಟ್ಟಿದಳು.

"ಈ ಕೋಲು ಇನ್ನು ಇಲ್ಲಿ ಬೇಡ ಅಕ್ಕೋರೇ. ನನ್ನ ತಪ್ಪಿನ ಗುರುತು ಅದು. ಕಿತ್ತು ತರ್ತೇನೆ. ಮುಂದಿನ ವರ್ಷ ಬೇರೆ ಜಾಗ, ಋತುವಿಗೊಂದೇ ಸಲ."

ಅವಳು ನೀರಿಗೆ ಕಾಲಿಡುವಷ್ಟರಲ್ಲಿ ಅಕ್ಕೋರು ಅವಳ ತೋಳು ಹಿಡಿದರು.

"ಕೋಲು ಬಿಡು, ತಂಗಿ. ಅದಕ್ಕೀಗ ಬೇರೆ ಒಡತಿ ಇದ್ದಾಳೆ."